ರೈಟ್ ಎಂದ ದನಿ

"ಇನ್ನೊಂದು ಸಲ ಹಾಕಿ, ಸಾರ್ಜೆಂಟ್."

ವರ್ನಾ ನೋಸ್ಕಿ ಗುಂಡಿ ಒತ್ತಿದಳು. ಪೋರ್ಟ್ ಗ್ಯಾರಿಕ್ ಠಾಣೆಯ ವಿಚಾರಣೆ ಕೋಣೆಯೊಳಗೆ ಮತ್ತೆ ಸಮುದ್ರ ಗುರುಗುಟ್ಟಿತು. ಅಲೆಯ ಸದ್ದು, ಎಂಜಿನ್ನಿನ ಸದ್ದು, ಕಡಲಹಕ್ಕಿಗಳ ಕಿರುಚಾಟ. ಅದರ ನಡುವೆ, ಈಗ ಮೇಜಿನಾಚೆ ಕೂತಿರುವವನದೇ ದನಿ:

"ಲೈಲ್, ಗಾಳಿ ಪೈಪು ಜೋತಾಡ್ತಿದೆ. ಏನು ಮಾಡ್ಲಿ?"

"ಪುಟ್ ಇಟ್ ರೈಟ್."

"ರೈಟ್?"

"ರೈಟ್."

ಆಮೇಲೆ ಒಂದಿಷ್ಟು ಗೊರಗೊರ. ಕೊನೆಗೆ ದಡದ ರೇಡಿಯೋದಿಂದ ಲೈಲ್ ಮರ್ಟನ್‌ನ ದನಿ, ಅಡುಗೆಮನೆಯಲ್ಲಿ ಚಹಾ ಹೀರುತ್ತಾ ಆಡಿದಂತೆ ನಿರಾಳ: "ಷೀ'ಲ್ ಬಿ ರೈಟ್."

ಎಲ್ಲಾ ಸರಿಹೋಗುತ್ತೆ, ತಲೆ ಕೆಡಿಸ್ಕೋಬೇಡ. ಈ ಊರಲ್ಲಿ ಛಾವಣಿ ಹಾರಿಹೋದರೂ ಜನ ಹೇಳುವುದು ಅದನ್ನೇ. ಆದರೆ ಆ ಮಾತಾಡಿದ ಸ್ವಲ್ಪ ಹೊತ್ತಿನಲ್ಲೇ ಲೈಲ್‌ನ ಹೆಂಡತಿ ಬ್ರಿಯೋನಿ ಸಮುದ್ರದ ತಳದಲ್ಲಿ, ಬಂಡೆಗೆ ಅಂಟಿದ ಅಬಲೋನಿ ಚಿಪ್ಪುಗಳನ್ನು ಕೀಳುತ್ತಿದ್ದವಳು, ಎಂಜಿನ್ನಿನ ಹೊಗೆ ಕುಡಿದು ಸತ್ತಿದ್ದಳು.

ಮುಳುಗುವವರ ಪ್ರಾಣ ಇರುವುದು ದೋಣಿಯ ಮೇಲಿನ ಕಂಪ್ರೆಸರಿನಲ್ಲಿ. ಅದು ಒಂದು ಪೈಪಿನ ಬಾಯಿಂದ ಹೊರಗಿನ ಗಾಳಿ ಎಳೆದು ಕೆಳಕ್ಕೆ ತಳ್ಳುತ್ತದೆ. ಆ ಬಾಯಿ ಎಂಜಿನ್ನಿನ ಹೊಗೆಗೆ ಹತ್ತಿರ ಬಂತೋ, ಕೆಳಗಿದ್ದವರ ಕತೆ ಮುಗಿಯಿತು. ಮೊದಲು ಬೆರಳಿಗೆ ಜೋಮು ಹಿಡಿಯುತ್ತದೆ, ಆಮೇಲೆ ನಿದ್ದೆ. ನೋವಾಗಿರಲಿಕ್ಕಿಲ್ಲ ಎಂದಿದ್ದರು ಶವಪರೀಕ್ಷೆಯ ಡಾಕ್ಟರು.

ವರ್ನಾಗೆ ಆ ಮಾತು ಕೇಳಿದಾಗ ಏನೂ ಅನ್ನಿಸಿರಲಿಲ್ಲ. ಗಂಡ ಹ್ಯೂ ತೀರಿಕೊಂಡಾಗಿನಿಂದ ಅವಳಿಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ. ತೋಳನ್ನು ತಲೆಯಡಿ ಇಟ್ಟುಕೊಂಡು ಮಲಗಿ ಎದ್ದರೆ ಕೈ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗಿತ್ತು ಅವಳ ಬದುಕು. ಬೇಕರಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಸಿಕ್ಕವರೆಲ್ಲ "ಯು ರೈಟ್, ವರ್ನಾ?" ಎನ್ನುತ್ತಿದ್ದರು. ಅವಳು "ರೈಟ್" ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

"ಕೇಳಿದ್ರಾ?" ಎಂದ ಜೊಸಾಯಾ. "ನಾನು ಕೇಳ್ದೆ. ಅವರು ಹೇಳಿದ್ರು. ನಾನು ಮಾಡ್ದೆ."

ಫಿಜಿಯಿಂದ ಸಿಂಪಿ ತೋಟದ ಕೆಲಸಕ್ಕೆ ಬಂದವನು ಜೊಸಾಯಾ. ಮರ್ಟನ್ ದಂಪತಿಯ ಖಾಯಂ ಆಳು ಬೆನ್ನಿನ ಆಪರೇಷನ್ನಿಗೆ ಅಡಿಲೇಡ್‌ಗೆ ಹೋದದ್ದರಿಂದ ಅವನ ಬದಲಿಗೆ ದೋಣಿ ಹತ್ತಿದ್ದ. ಗಾಳಿ ಪೈಪನ್ನು ದೋಣಿಯ ಬಲಗಡೆಯ ಕ್ಲಿಪ್ಪಿಗೆ ಸಿಕ್ಕಿಸಿದ. ಅದರ ಕೆಳಗೇ, ಪೆಟ್ಟಿಗೆಯ ಹಿಂದೆ ಕಾಣದಂತೆ, ಎಂಜಿನ್ನಿನ ಹೊಗೆ ಪೈಪು ಬಾಯಿ ತೆರೆದಿತ್ತು. ನಾಳೆ ಬೆಳಗ್ಗೆ ಅವನನ್ನು ಕೋರ್ಟಿನ ಮುಂದೆ ನಿಲ್ಲಿಸಬೇಕು. ನಿರ್ಲಕ್ಷ್ಯದಿಂದ ಜೀವಹಾನಿ ಮಾಡಿದ ಆರೋಪ.

"ಲೈಲ್ ಹೇಳಿದ್ದು ಸರಿಮಾಡು ಅಂತ," ಎಂದಳು ವರ್ನಾ. "ಪೈಪನ್ನ ಸರಿಮಾಡು. ನೀನು ಬಲಕ್ಕಿಡು ಅಂತ ಅಂದ್ಕೊಂಡೆ. ಊರವರೆಲ್ಲ ಅದನ್ನೇ ಹೇಳ್ತಿದಾರೆ. ಪಾಪ, ಹೊರಗಿನವನು, ಭಾಷೆ ತಿಳೀಲಿಲ್ಲ ಅಂತ."

ಜೊಸಾಯಾ ನಕ್ಕ. ನಗುವಿನಲ್ಲಿ ಖುಷಿ ಇರಲಿಲ್ಲ.

"ಒಂದನೇ ಕ್ಲಾಸಿಂದ ಇಂಗ್ಲಿಷಲ್ಲೇ ಓದಿದೀನಿ, ಸಾರ್ಜೆಂಟ್. ಚರ್ಚಲ್ಲಿ ಇಂಗ್ಲಿಷಲ್ಲೇ ಓದಿ ಹೇಳ್ತೀನಿ. ಇಲ್ಲಿಗೆ ಬಂದ ಮೊದಲನೇ ದಿನ ಬೇಕರಿ ಹುಡುಗಿ 'ಯು ರೈಟ್?' ಅಂದ್ಲು. ಎಷ್ಟು ಒಳ್ಳೆಯವಳು, ಆರೋಗ್ಯ ವಿಚಾರಿಸ್ತಾಳಲ್ಲ ಅಂತ ಎಡಮಂಡಿ ನೋವಿನ ಕತೆಯೆಲ್ಲ ಹೇಳ್ದೆ. ಹಿಂದೆ ಸಾಲು ನಿಂತೋರು ನನ್ನ ಸಾಯಿಸೋದೊಂದು ಬಾಕಿ. ಅವಳು ಕೇಳಿದ್ದು ಏನು ಬೇಕಪ್ಪಾ ಅಂತ."

ಮೂಲೆಯಲ್ಲಿ ನಿಂತಿದ್ದ ಪೇದೆ ಕಿಟ್ ಬಾಯಿಗೆ ಕೈ ಅಡ್ಡ ಹಿಡಿದ.

"ಅಂದ್ರೆ ಒಂದ್ಸಲ ಏಮಾರಿದೀಯ," ಎಂದಳು ವರ್ನಾ.

"ಅದಕ್ಕೇ ಎರಡನೇ ಸಲ ಕೇಳ್ದೆ! ರೈಟಾ ಅಂತ. ಅವರು ರೈಟ್ ಅಂದ್ರು. ಇನ್ನೇನು ಕೇಳ್ಬೇಕಿತ್ತು ನಾನು?"

'ರೈಟಾ?' ಎಂದರೆ ಬಲಗಡೆಗಾ ಎಂದಾಗಬಹುದು. 'ರೈಟ್' ಎಂದರೆ ಹೌದು ಎಂದಾಗಬಹುದು, ಬಲಗಡೆ ಎಂದಾಗಬಹುದು, ಆಯ್ತು ಮಾರಾಯ ಸಾಕುಬಿಡು ಎಂದೂ ಆಗಬಹುದು. ದೋಣಿಯವರು ಬಲಗಡೆಗೆ ಸ್ಟಾರ್‌ಬೋರ್ಡ್ ಎನ್ನುತ್ತಾರೆಯೇ ಹೊರತು ರೈಟ್ ಎನ್ನುವುದಿಲ್ಲ. ಲೈಲ್ ತನ್ನ ಹೇಳಿಕೆಯಲ್ಲಿ ಅದನ್ನೇ ಒತ್ತಿ ಹೇಳಿದ್ದ.

"ಪೈಪು ಮೊದಲು ಎಲ್ಲಿತ್ತು?"

ಜೊಸಾಯಾ ತನ್ನ ಅಂಗೈಗಳನ್ನು ನೋಡಿಕೊಂಡ.

"ಸುಮ್ಮನಿರೋದು ನಿನ್ನ ರೈಟು ಅಂತ ಹಿಡಿದ ದಿನ ಇವರು ಓದಿ ಹೇಳಿದ್ರು," ಎಂದು ಕಿಟ್‌ನತ್ತ ಗಲ್ಲ ಆಡಿಸಿದ. "ಆ ರೈಟಿನಿಂದ ನಿದ್ದೆ ಬರ್ತಿಲ್ಲ. ಒಂದು ವಿಷಯ ಹೇಳಿರ್ಲಿಲ್ಲ."

"ಹೇಳು."

"ಎಡಗಡೆ ಕಂಬಿಗೆ ಹಗ್ಗದಲ್ಲಿ ಕಟ್ಟಿತ್ತು. ಬಲಗಡೆ ಕ್ಲಿಪ್ಪು ಖಾಲಿ. ಬ್ರಿಯೋನಿಯೇ ಕಟ್ಟಿದ್ರು, ನನ್ನ ಕಣ್ಣೆದುರಿಗೇ. ನೀರಿಗಿಳಿಯೋ ಮುಂಚೆ ನನ್ನ ಭುಜ ಹಿಡಿದು, 'ಎಲ್ಲಾ ರೈಟ್ ಇದೆ, ನೀನು ಏನೂ ಮುಟ್ಟಬೇಡ' ಅಂದ್ರು."

ಕಿಟ್ ತಟ್ಟನೆ ನೆಟ್ಟಗಾದ.

"ಮುಟ್ಟಬೇಡ ಅಂದಿದ್ದನ್ನ ಯಾಕೆ ಮುಟ್ಟಿದೆ?"

"ಅಲೆ ಜೋರಾಯ್ತು. ಗಂಟು ಬಿಚ್ಕೊಳ್ತು. ಪೈಪಿನ ಬಾಯಿ ನೀರಿನ ಹತ್ರ ಜೋತಾಡ್ತಿತ್ತು. ನೀರು ಒಳಗೆ ಹೋದ್ರೆ ಅವರು ಉಸಿರಾಡೋದು ಹೇಗೆ? ಅದಕ್ಕೇ ರೇಡಿಯೋದಲ್ಲಿ ಲೈಲ್‌ನ ಕೇಳ್ದೆ." ಅವನ ದನಿ ಒಂದೇ ಸಮನಾಗಿತ್ತು, ಪಾಠ ಒಪ್ಪಿಸುವವನಂತೆ. "ಮುಟ್ಟಬೇಡ ಅಂದ್ರು. ಮುಟ್ದೆ. ಸತ್ರು. ಇದನ್ನ ಹೇಳಿದ್ರೆ ನನ್ನ ಕತೆ ಮುಗೀತು ಅಂತ ಗೊತ್ತು. ಹೇಳ್ಬಿಟ್ಟೆ."

*

"ಮುಗೀತಲ್ಲ ಬಾಸ್," ಎಂದ ಕಿಟ್ ಹೊರಗೆ ಬಂದು. "ತಾನೇ ಕೊರಳೊಡ್ಡಿದ."

"ಸುಳ್ಳು ಹೇಳೋನು ಹೀಗೆ ಹೇಳ್ತಾನಾ?"

ಅವಳು ತನ್ನ ಕೋಣೆಗೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಮೊದಲು ಕೇಳಿದ್ದು ಲೈಲ್‌ನ ಹೇಳಿಕೆಯ ಧ್ವನಿಮುದ್ರಣ. ಅದನ್ನು ಪಡೆದವನು ಕಿಟ್.

"ಕಿಟ್, ಇಲ್ಲಿ ಬಾ. 'ನೀವು ಗಂಡ ಹೆಂಡ್ತಿ ಚೆನ್ನಾಗಿದ್ರಾ?' ಅಂತ ಕೇಳಿದೀಯ. ಅವನ ಉತ್ತರಕ್ಕೆ 'ಹೌದು' ಅಂತ ಬರೆದಿದೀಯ."

"ಹೌದಲ್ಲ. 'ಯಾ, ರೈಟ್' ಅಂದ."

"ಕೇಳು." ಹೆಡ್‌ಫೋನ್ ಅವನ ಕಿವಿಗಿಟ್ಟಳು.

ಕಿಟ್‌ನ ಮುಖ ನಿಧಾನವಾಗಿ ಕೆಂಪೇರಿತು. ಯಾ ಎಳೆದಿತ್ತು, ರೈಟ್ ಮೂಗಿನಿಂದ ಬಂದಿತ್ತು. ಚೆನ್ನಾಗಿದ್ವಂತೆ, ಚೆನ್ನಾಗಿ! ಚೆನ್ನಾಗಿದ್ದೆವು ಎಂದಲ್ಲ, ಚೆನ್ನಾಗಿರೋದು ಎಲ್ಲಿ ಬಂತು ಎಂಬ ವ್ಯಂಗ್ಯ. ಕಾಗದದ ಮೇಲೆ ಹೌದು, ಕಿವಿಗೆ ಅಪ್ಪಟ ಇಲ್ಲ.

"ಅಕ್ಷರ ಸರಿಯಾಗೇ ಬರ್ಕೊಂಡಿದ್ದೆ ಬಾಸ್."

"ಅಕ್ಷರ ಸರಿಯಾಗೇ ಇದೆ."

ಆಮೇಲೆ ಅವಳು ರೇಡಿಯೋ ಮುದ್ರಣಕ್ಕೆ ಬಂದಳು. ಸಮುದ್ರ ರಕ್ಷಣೆಯ ಸ್ವಯಂಸೇವಕರು ಆ ತರಂಗದ ಮಾತುಕತೆಯನ್ನೆಲ್ಲ ಮುದ್ರಿಸಿಕೊಳ್ಳುತ್ತಾರೆ ಎಂಬುದು ಲೈಲ್‌ಗೆ ನೆನಪಿದ್ದಂತಿರಲಿಲ್ಲ. 'ರೈಟ್' ಮತ್ತು 'ಷೀ'ಲ್ ಬಿ ರೈಟ್' ನಡುವಿನ ಗೊರಗೊರವನ್ನು ಹಿಂದೆ ಮುಂದೆ ಮಾಡಿ ಕೇಳಿದಳು. ಹಕ್ಕಿಯೊಂದು ಕಿರುಚುತ್ತಿತ್ತು. ಕಿರುಚಾಟದ ಅಡಿಯಲ್ಲಿ ಏನೋ ಇತ್ತು. ಎರಡು ಮಾತು, ಇಬ್ಬರದು.

ಮೊದಲು ಜೊಸಾಯಾ: "ಕ್ಲಿಪ್ಪಿಗೆ ಹಾಕ್ದೆ."

ಆಮೇಲೆ ಲೈಲ್: "ಅಲ್ಲೇ ಬಿಡು."

ವರ್ನಾ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಸರಿಮಾಡು ಅಂದೆ, ಅವನು ಎಲ್ಲಿಟ್ಟನೋ ನನಗೇನು ಗೊತ್ತು ಎಂದು ಲೈಲ್ ಪ್ರಮಾಣ ಮಾಡಿ ಹೇಳಿದ್ದ. ಅಲ್ಲೇ ಬಿಡು ಎನ್ನುವವನಿಗೆ ಎಲ್ಲಿ ಎಂಬುದು ಗೊತ್ತಿರಲೇಬೇಕು.

ಹಿಂದೆಲ್ಲ ಇಂಥ ಗಳಿಗೆಯಲ್ಲಿ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಕೈ ಮಾತ್ರ ಫೋನಿನತ್ತ ಹೋಯಿತು.

"ಲೈಲ್, ಠಾಣೆ ಹಿಂದಿನ ಅಂಗಳಕ್ಕೆ ಬಾ. ನಿನ್ನ ದೋಣಿ ವಿಷಯ."

*

ಲೈಲ್ ಮರ್ಟನ್ ಮಾಂಸದ ಪೈ ತಿನ್ನುತ್ತಾ ಬಂದ. ದೊಡ್ಡ ಆಳು, ಉಪ್ಪುಗಾಳಿಗೆ ಬಿರಿದ ತುಟಿ. ವರ್ನಾ ಮತ್ತು ಅವನು ಈ ಊರಿನ ಶಾಲೆಯಲ್ಲಿ ಒಂದೇ ಬೆಂಚಿನವರು. ಟ್ರೇಲರ್ ಮೇಲೆ ನೀಲಿ ಟಾರ್ಪಾಲು ಹೊದ್ದ ತನ್ನ ದೋಣಿಯನ್ನು ಅವನು ಪರರ ಸ್ವತ್ತಿನಂತೆ ನೋಡಿದ.

"ಯು ರೈಟ್, ವರ್ನಿ?"

"ರೈಟ್. ನೀನು?"

"ನಡೀತಿದೆ." ಪೈಯ ಕೊನೆಯ ತುಣುಕು ಬಾಯಿಗಿಟ್ಟು, ಕಾಗದದ ಚೀಲವನ್ನು ನಾಲ್ಕು ಮಡಿಕೆ ಮಡಿಚಿ ಜೇಬಿಗಿಟ್ಟ. "ದೋಣಿ ಕೊಡ್ತೀಯಾ ಇವತ್ತು?"

"ಮೊದಲು ಒಂದು ಮಾತು. ಪೈಪು ಎಲ್ಲಿಟ್ಟ ಅಂತ ನಿನಗೆ ಗೊತ್ತಿರ್ಲಿಲ್ಲ. ಅಲ್ವಾ?"

"ಹೇಳಿದೀನಲ್ಲ."

"ಮತ್ತೆ 'ಅಲ್ಲೇ ಬಿಡು' ಅಂದಿದ್ಯಾಕೆ?"

ಲೈಲ್ ಅಗಿಯುವುದನ್ನು ನಿಲ್ಲಿಸಿದ.

"ರೇಡಿಯೋ ಮುದ್ರಣದಲ್ಲಿ, ಹಕ್ಕಿ ಗಲಾಟೆ ಅಡಿಯಲ್ಲಿದೆ," ಎಂದಳು ವರ್ನಾ. "ಕ್ಲಿಪ್ಪಿಗೆ ಹಾಕ್ದೆ ಅಂದ ಅವನು. ಅಲ್ಲೇ ಬಿಡು ಅಂದೆ ನೀನು. ಆ ಕ್ಲಿಪ್ಪು ಬಲಗಡೆ ಇರೋದು, ನೀನೇ ಸ್ಕ್ರೂ ಹಾಕಿ ಕೂರಿಸಿದ್ದು. ಆ ಹುಡುಗ ನಾಳೆ ಜೈಲಿಗೆ ಹೋಗ್ತಾನೆ, ಲೈಲ್. ಅವನಿಗೆ ಭಾಷೆ ಬರಲ್ಲ ಅಂತ ಊರೆಲ್ಲ ಆಡ್ಕೊಳ್ತಿದೆ. ನೀನು ಬಾರಲ್ಲಿ ಕೂತು ತಲೆ ಆಡಿಸ್ತಿದೀಯ."

"ಯಾ, ರೈಟ್."

"ಆ ಯಾ ರೈಟ್ ಬೇಡ ನನಗೆ. ಹೌದಾ, ಇಲ್ವಾ?"

"ಹೌದು," ಎಂದ ಲೈಲ್. ಎರಡು ಅಕ್ಷರಕ್ಕೇ ಅವನಿಗೆ ದಣಿವಾದಂತಿತ್ತು. "ಬಲಕ್ಕಿಡು ಅಂತಾನೇ ಅಂದೆ. ಸರಿಮಾಡು ಅಂತಾನೂ ಅಂದೆ. ಎರಡೂ ಒಂದೇ ಆಗಿತ್ತು ವರ್ನಿ. ಆ ಪೈಪಿನ ಸರಿಯಾದ ಜಾಗ ಬಲಗಡೆಯೇ. ಈ ದೋಣಿ ಕೊಂಡಾಗಿಂದ ಅದು ಅಲ್ಲೇ ಇದ್ದದ್ದು."

"ಹೊಗೆ ಪೈಪಿನ ನೆತ್ತಿ ಮೇಲೆ?"

"ಹೊಗೆ ಪೈಪು ಎಡಗಡೆಗಿತ್ತು."

ಅಂಗಳದಾಚೆ ಯಾವುದೋ ಲಾರಿ ಹಿಂದಕ್ಕೆ ಬರುತ್ತಾ ಪೀಂ ಪೀಂ ಎಂದಿತು.

"ಏನಂದೆ?"

"ಬಾ."

ಲೈಲ್ ಟಾರ್ಪಾಲಿನ ಹಗ್ಗ ಬಿಚ್ಚಿ ದೋಣಿ ಹತ್ತಿದ. ವರ್ನಾ ಹಿಂದೆಯೇ ಹತ್ತಿದಳು. ಅವನು ಪೆಟ್ಟಿಗೆಯನ್ನು ಸರಿಸಿ ಮಂಡಿಯೂರಿದ, ಕಂಪ್ರೆಸರಿನ ಹಿಂಬದಿಗೆ ಕೈ ತೂರಿಸಿದ. "ಬೆರಳಿಡು ಇಲ್ಲಿ."

ಹೊಗೆ ಪೈಪು ಎಂಜಿನ್ನಿಗೆ ಸೇರುವ ಕಡೆ ಎರಡು ಬೋಲ್ಟು. ಉಳಿದ ಬೋಲ್ಟುಗಳೆಲ್ಲ ತುಕ್ಕು ಹಿಡಿದು ಉಪ್ಪು ಕಟ್ಟಿದ್ದವು. ಈ ಎರಡರ ಅಂಚಿನಲ್ಲಿ ಸ್ಪ್ಯಾನರಿನ ಹೊಸ ಗೀರು, ಲೋಹ ಬೆಳ್ಳಗೆ ಮಿಂಚುತ್ತಿತ್ತು. ಎಡಗಡೆ ತಗಡಿನ ಮೇಲೆ ಹಳೆಯ ಮಸಿಯ ಗುಂಡನೆ ಕಲೆ. ಬಲಗಡೆ ಮಸಿ ತೆಳ್ಳಗಿತ್ತು. ಪೊಲೀಸ್ ಎಂಜಿನಿಯರ್ ಈ ದೋಣಿಯನ್ನು ಈ ಮುಂಚೆ ಎಂದೂ ನೋಡಿದವನಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡು ಹೋಗಿದ್ದ.

"ಯಾರೋ ತಿರುಗಿಸಿದಾರೆ," ಎಂದಳು ವರ್ನಾ.

"ಯಾರೋ ಅಲ್ಲ. ಹಿಂದಿನ ದಿನ ಸಂಜೆ ಕಂಪ್ರೆಸರ್ ಬಿಚ್ಚಿ ಎಣ್ಣೆ ಹಾಕಿದ್ದು ಅವಳು. ಒಬ್ಬಳೇ. ಸ್ಪ್ಯಾನರ್ ಎಲ್ಲಿ ಅಂತ ಕೇಳಿದ್ಲು. ಎಷ್ಟೋ ತಿಂಗಳ ಮೇಲೆ ನನ್ನ ಹತ್ರ ಆಡಿದ ಮಾತು ಅದು."

ವರ್ನಾ ಮಂಡಿಯೂರಿದಲ್ಲೇ ಲೆಕ್ಕ ಹಾಕಿದಳು. ಹೊಗೆ ಪೈಪನ್ನು ಬಲಕ್ಕೆ ತಿರುಗಿಸಿದವಳು ಬ್ರಿಯೋನಿ. ಆದ್ದರಿಂದಲೇ ತಾನು ಇಳಿಯುವಾಗ ಗಾಳಿ ಪೈಪನ್ನು ಎಡಕ್ಕೆ ಕಟ್ಟಿದಳು. ಏನೂ ಮುಟ್ಟಬೇಡ ಎಂದಳು. ತನ್ನ ಉಸಿರನ್ನು ಕಾಪಾಡಿಕೊಂಡಳು. ಹಾಗಾದರೆ ಬಲಗಡೆಯ ಹೊಗೆ ಯಾರಿಗೆ?

"ಮರುದಿನ ಮುಳುಗೋ ಸರದಿ ಯಾರದು, ಲೈಲ್?"

"ನಂದು." ಅವನು ಎದ್ದು ನಿಂತು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಒಂದು ದಿನ ಅವಳು, ಒಂದು ದಿನ ನಾನು. ನಾನು ಕಣ್ಣು ಮುಚ್ಚಿ ಬಲಗಡೆ ಕ್ಲಿಪ್ಪಿಗೆ ಹಾಕಿ ಇಳೀತಿದ್ದೆ. ಯಾವಾಗ್ಲೂ ಹಾಗೇ. ಅವಳಿಗೆ ಗೊತ್ತಿತ್ತು."

"ಇದನ್ನ ಯಾಕೆ ಮುಚ್ಚಿಟ್ಟೆ?"

"ಬಲಕ್ಕಿಡು ಅಂದೆ ಅಂತ ಒಪ್ಕೊಂಡ್ರೆ, ಬಲಗಡೆ ಹೊಗೆ ಹೇಗೆ ಬಂತು ಅಂತ ನೀನು ಕೇಳ್ತಿದ್ದೆ. ಆಗ ಅವಳ ಹೆಸರು ಹೇಳ್ಬೇಕಿತ್ತು. ಸತ್ತವಳು. ಬಿಡು ಅನ್ನಿಸ್ತು."

"ಆ ಹುಡುಗ ಜೈಲಿಗೆ ಹೋದ್ರೂ ಪರವಾಗಿಲ್ಲ ಅನ್ನಿಸ್ತು."

ಲೈಲ್ ಪೆಟ್ಟಿಗೆಯನ್ನು ಕಾಲಿನಿಂದ ಮೊದಲಿನ ಜಾಗಕ್ಕೆ ತಳ್ಳಿದ.

"ಅವಳ ಪಕ್ಕೆಲುಬು ಎರಡು ಕಡೆ ಮುರಿದು ಕೂಡಿಕೊಂಡಿದೆ," ಎಂದಳು ವರ್ನಾ. "ಹಳೇದು. ಡಾಕ್ಟರ್ ಹೇಳಿದ್ರು."

"ದೋಣೀಲಿ ಬಿದ್ದಿದ್ಲು."

"ಎರಡು ಸಲ?"

ಗಾಳಿಗೆ ಟಾರ್ಪಾಲು ಪಟಪಟ ಎಂದಿತು. ಲೈಲ್ ಅದರ ಅಂಚನ್ನು ಹಿಡಿದು ನಿಲ್ಲಿಸಿದ. ಅವನ ಮುಖದಲ್ಲಿ ಕೋಪವಿರಲಿಲ್ಲ, ದುಃಖವೂ ಇರಲಿಲ್ಲ. ವರ್ನಾಗೆ ಕನ್ನಡಿ ನೋಡಿದಂತಾಯಿತು. ಅದು ಇಷ್ಟವಾಗಲಿಲ್ಲ. ಎಷ್ಟೋ ತಿಂಗಳಲ್ಲಿ ಅವಳಿಗೆ ಏನಾದರೊಂದು ಇಷ್ಟವಾಗದೇ ಹೋದದ್ದು ಇದೇ ಮೊದಲು.

ಆಗಲೇ ಅವಳಿಗೆ ಹೊಳೆದದ್ದು. ಇವನು ಹುಡುಕಲಿಲ್ಲ. ಪೆಟ್ಟಿಗೆ ಸರಿಸಿದ, ಕತ್ತಲಲ್ಲಿ ಕೈ ತೂರಿಸಿದ, ನೇರ ಆ ಎರಡು ಬೋಲ್ಟಿನ ಮೇಲೇ ಬೆರಳಿಡಿಸಿದ.

"ಲೈಲ್. ಆ ದಿನ ದೋಣೀನ ಸಮುದ್ರದಿಂದ ಎಳ್ಕೊಂಡು ಬಂದೋರು ಪೊಲೀಸರು."

"ಹೂಂ."

"ದಡದಲ್ಲೇ ಟಾರ್ಪಾಲು ಹೊದಿಸಿ ಸೀಲ್ ಮಾಡಿದ್ದು ನಾನೇ. ನೀನು ಆವಾಗ ಆಸ್ಪತ್ರೇಲಿ ಅವಳ ಹತ್ರ ಇದ್ದೆ. ಅಲ್ಲಿಂದ ಇವತ್ತಿನವರೆಗೆ ಇದರ ಮೇಲೆ ನೀನು ಕಾಲಿಟ್ಟಿಲ್ಲ."

ಅವನು ಟಾರ್ಪಾಲಿನ ಅಂಚನ್ನು ಮಡಿಚತೊಡಗಿದ.

"ಹೊಗೆ ಪೈಪು ಬಲಕ್ಕೆ ತಿರುಗಿದೆ ಅಂತ ನಿನಗೆ ಯಾವಾಗ ಗೊತ್ತಾಯ್ತು? ಆ ಹುಡುಗನಿಗೆ ರೇಡಿಯೋದಲ್ಲಿ ಮಾತಾಡೋ ಮುಂಚೇನಾ? ಆಮೇಲಾ?"

"ಪೇಪರಲ್ಲಿ ಓದಿದೆ. ಬಲಗಡೆ ಹೊಗೆ ಅಂತ ಬಂದಿತ್ತಲ್ಲ. ಕೂತು ಯೋಚ್ನೆ ಮಾಡ್ದೆ."

"ಪೇಪರಲ್ಲಿ ಬೋಲ್ಟಿನ ಗೀರು ಬಂದಿರ್ಲಿಲ್ಲ. ಮುಂಚೇನಾ, ಆಮೇಲಾ?"

ಗೇಟಿನ ಚಿಲಕದ ಸದ್ದಾಯಿತು. ಕಿಟ್ ಒಬ್ಬ ವಯಸ್ಸಾದ ಹೆಂಗಸನ್ನು ಕರೆದುಕೊಂಡು ಒಳಗೆ ಬಂದ. ಬ್ರಿಯೋನಿಯ ತಾಯಿ ಗ್ಲೆನಿಸ್. ಠಾಣೆಯಲ್ಲಿದ್ದ ಮಗಳ ಉಣ್ಣೆ ಟೋಪಿ, ನೀರಿನ ಬಾಟಲಿ, ಅಷ್ಟನ್ನು ಒಯ್ಯಲು ಬಂದಿದ್ದಳು. ದೋಣಿಯ ಮೇಲೆ ಅಳಿಯನನ್ನು ಕಂಡು ಅಲ್ಲೇ ನಿಂತಳು. ಮಾತು ಕೇಳಿಸುವಷ್ಟು ಹತ್ತಿರ.

"ಲೈಲ್, ಮಗಾ," ಎಂದಳು. "ಊಟ ಮಾಡಿದೆಯಾ?"

ಲೈಲ್ ಅವಳನ್ನು ನೋಡಿದ. ಹಿಡಿದಿದ್ದ ಟಾರ್ಪಾಲನ್ನು ಕೈಬಿಟ್ಟ. ವರ್ನಾಳ ಕಿವಿಗಷ್ಟೇ ಬೀಳುವಂತೆ ಬಾಗಿ, ತುಟಿ ಅಲುಗಿಸಿದ.

"ಮುಂಚೆ ಅಂದ್ರೆ, ಗೊತ್ತಿದ್ದೂ ಬಲಕ್ಕಿಡಿಸಿದ ನಾನು ಕೊಲೆಗಾರ. ಆಮೇಲೆ ಅಂದ್ರೆ, ನನ್ನ ಕೊಲ್ಲೋಕೆ ಹೊರಟಿದ್ದ ಅವಳು. ಆ ತಾಯಿ ಮುಂದೆ ಯಾವುದು ಹೇಳ್ಲಿ, ವರ್ನಿ? ನೀನೇ ಹೇಳು."